ಗೂಟಕ್ಕೆ ಹಾಕಿದ ಕಾಮಣಿ ಮಾಲೆ

ದಾಳಿಂಬವೆಂಬ ಊರಲ್ಲಿ ಪ್ರಯಾಗಬಾಯಿಯ ಮನೆ ಯಾವುದೆಂದು ಕೇಳಿದರೆ ‘ಕಾಮಣಿ ಮಾಲಿ ಹಾಕೂ ಮನಿ ಏನ್ರೀ?’ ಎಂದೇ ಕೇಳುತ್ತಾರೆ. ಕಾಮಾಲೆಯಾಗಿ ಕಣ್ಣು ಹಳದಿಯಾದವರನ್ನು ಉಮರ್ಗಾದಿಂದಲೂ ನಿಲಂಗಾದಿಂದಲೂ ಜೀಪಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಆಕೆ ಲಿಂಗಪೂಜೆ ಮುಗಿಸಿ, ಕೊಮ್ಮೆ ಬಳ್ಳಿಯ ಹಸಿ ಕಡ್ಡಿಗಳನ್ನು ನೂಲಿಗೆ ಕಟ್ಟಿ, ಬಂದವರ ತಲೆಗೆ ಇಡುತ್ತಿದ್ದಳು. ಮಾಲೆ ದಿನದಿನಕ್ಕೆ ಉದ್ದವಾಗಿ ಕೊರಳಿಗೆ ಜಾರಿ, ಎದೆ ದಾಟಿ, ಹೊಕ್ಕುಳ ಮುಟ್ಟಿತೆಂದರೆ ಕಾಮಣಿ ಇಳಿದಂತೆ. ಬಹಳ ಮಂದಿಗೆ ತಾನಾಗಿಯೇ ಇಳಿಯುವ ರೋಗ ಅದು. ಹೆಸರು ಮಾಲೆಗೆ ಬಂತು.

ಆಕೆಯ ಅತ್ತೆ ಕಲಿಸಿದ ಈ ವಿದ್ಯೆಗೆ ಒಂದು ಕಟ್ಟು ಇತ್ತು: ಮಾಲೆ ಇಳಿಯುವ ತನಕ ದವಾಖಾನೆಯ ಮೆಟ್ಟಿಲು ಹತ್ತಬಾರದು.

ಸೊಸೆ ಮೀನಲ ತುಂಬಿದ ಬಸುರಿ. ಅಂಗೈ ಅಂಗಾಲು ಕೆರೆದುಕೊಂಡು ನಿದ್ದೆಗೆಟ್ಟಿದ್ದಳು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಪ್ರಯಾಗಬಾಯಿ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ಆಮೇಲೆ ಕಣ್ಣು ಹಳದಿಯಾದವು.

‘ಅತ್ತೀ, ಒಮ್ಮಿ ಉದಗೀರ ದವಾಖಾನ್ಯಾಗ ತೋರಿಸ್ಕೊಂಡ ಬರೂಣೇನ್ರೀ?’ ಎಂದಳು ಮೀನಲ.

‘ಊರ ಮಂದಿ ನನ್ನ ಮಾಲಿ ಹಾಕ್ಕೋತಾರ, ನನ್ನ ಸೊಸಿ ದವಾಖಾನಿಗಿ ಹೋದ್ರ ಬಾಯಿ ಬಿಟ್ಟು ನಗೂದಿಲ್ಲೇನು?’

ಮಗ ನೀಲೇಶ ತಾಯಿಯ ಮುಖ ನೋಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದ.

ಸೊಸೆಯ ತಲೆಗಿಟ್ಟ ಮಾಲೆ ಚೆನ್ನಾಗಿಯೇ ಇಳಿಯಿತು. ಮೀನಲಳ ಉಬ್ಬಿದ ಹೊಟ್ಟೆಯ ಮೇಲೆ ಬಂದು ಕೂತ ದಿನ ಪ್ರಯಾಗಬಾಯಿ ಸಕ್ಕರೆ ಹಂಚಿದಳು. ಅದೇ ಸಂಜೆ ಮೀನಲ, ‘ಕೂಸು ಹೊರಳವಲ್ದು ಅತ್ತೀ’ ಎಂದಳು.

ಉದಗೀರಿನಲ್ಲಿ ಸತ್ತ ಕೂಸನ್ನೇ ಹೆರಿಗೆ ಮಾಡಿಸಿದರು. ಗಂಡು. ಡಾಕ್ಟರ್ ಯೋಗಿತಾ ಆ ಕಡೆಯ ಹುಡುಗಿಯೇ. ಬೈಯಲಿಲ್ಲ, ಪ್ರಯಾಗಬಾಯಿಯ ಮುಂದೆ ಕೂತು ಮುಷ್ಟಿ ಹಿಡಿದು ತೋರಿಸಿದಳು.

‘ಆಯೀ, ಲಿವರದಾಗ ಸಣ್ಣ ಸಣ್ಣ ಪೇಶಿ, ಅಂದ್ರ ಜೀವಕೋಶ, ಇರ್ತಾವ. ಅವುಗಳ ನಡುವ ಪಿತ್ತ ಹರಿಯೂ ಕಾಲುವಿ. ಹಾರ್ಮೋನು ಬಂದು ಬಾಗಿಲಾ ಬಡದ್ರ ಪೇಶಿ ಒಳಗ ಕ್ಯಾಲ್ಸಿಯಂ ತೆರಿಯಂಗ ಏಳ್ತದ. ಆಗ ಪೇಶಿ ಹೀಂಗ ಬಿಗೀತದ, ಕಾಲುವಿ ಹಿಂಡಿ ಪಿತ್ತ ಮುಂದ ಹೋಗ್ತದ.’ ಮುಷ್ಟಿ ಬಿಗಿದಳು, ಬಿಟ್ಟಳು. ‘ಬಸುರಾಗ ಬ್ಯಾರೆ ಹಾರ್ಮೋನು ಭಾಳ ಏರ್ತಾವ. ಕೆಲವರ ಪೇಶಿಗಿ ಅದು ತಡಕೊಳ್ಳೂದಾಗಲ್ಲ. ಪಿತ್ತ ಹೊರಗ ಹಾಕೂ ಕೆಲಸ ನಿಂತು, ಅದು ರಕ್ತಕ್ಕ ಬೀಳ್ತದ. ಅದಕ್ಕೇ ಮೊದಲು ತುರಿಕಿ.’

‘ಕೂಸಿಗಿ ಅದೇ ಹತ್ತಿತೇನವಾ?’

‘ಹ್ಞೂಂ ಆಯೀ. ತುರಿಕಿ ಇದ್ದಾಗೇ ಬಂದಿದ್ರ ಗುಳಿಗಿ ಕೊಟ್ಟು, ಲಗೂನ ಹೆರಿಗಿ ಮಾಡಿಸ್ತಿದ್ವಿ. ಉಳಿಯೂ ಕೂಸೇ ಅದು.’

ಮನೆಗೆ ಬಂದ ಪ್ರಯಾಗಬಾಯಿ ಹೊಸದೊಂದು ಮಾಲೆ ಕಟ್ಟಿ ಪಡಸಾಲೆಯ ಗೂಟಕ್ಕೆ ಹಾಕಿದಳು. ಕಡ್ಡಿ ಒಣಗಿ ಸಣ್ಣಗಾದವು, ಗಂಟು ಸಡಿಲಾದವು, ಮಾಲೆ ಉದ್ದವಾಗುತ್ತ ನೆಲದ ಕಡೆಗೆ ಬಂತು. ಗೂಟಕ್ಕೆ ಯಾವ ಕಾಮಣಿ ಇತ್ತು? ಆಕೆ ಅದರ ಕೆಳಗೆ ಕೂತೇ ಇದ್ದಳು.

ತುರೋರಿ ಊರಿನ ವೈಜನಾಥ ತಮ್ಮನನ್ನು ಕರೆತಂದದ್ದು ಆಗಲೇ. ತಮ್ಮನ ಕಣ್ಣು ಅರಿಶಿನದಂತಿದ್ದವು.

‘ನಾ ಈಗ ಮಾಲಿ ಹಾಕಲ್ಲಪಾ. ದವಾಖಾನಿಗಿ ಕರ್ಕೊಂಡು ಹೋಗು. ಇದರಾಗ ಏನೂ ಇಲ್ಲ. ನೋಡು, ಗೂಟದ ಮ್ಯಾಲೂ ಇಳದದ.’

ವೈಜನಾಥ ಮಾಲೆ ನೋಡಿದ, ಆಕೆಯನ್ನು ನೋಡಿದ. ‘ಸ್ವಂತ ಸೊಸಿಗಿ ಮಾಲಿ, ನಮಗ ದವಾಖಾನಿ. ಬರೋಬರಿ ಅದ ಬಿಡ್ರಿ, ಪ್ರಯಾಗಬಾಯಿ. ಗೂಟದ ಮ್ಯಾಲೇ ಇಳಿದದ್ದು ಮನಶ್ಯಾನ ಮ್ಯಾಲ ಇಳಿಯಲ್ಲೇನು?’ ಎಂದು ಗೂಟದಿಂದ ಮಾಲೆ ತೆಗೆದು ತಮ್ಮನ ಕೊರಳಿಗೆ ಹಾಕಿದ. ಅದು ಆಗಲೇ ಹೊಕ್ಕುಳ ಮುಟ್ಟುತ್ತಿತ್ತು. ತಮ್ಮ ಅದನ್ನು ನೋಡಿಕೊಂಡು ಸಣ್ಣಗೆ ನಕ್ಕ. ಇಬ್ಬರೂ ಶರಣು ಹೇಳಿ ಜೀಪು ಹತ್ತಿದರು.

ನೀರಿನ ತಂಬಿಗೆ ಹಿಡಿದು ಹೊರಬಂದ ಮೀನಲ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿದ್ದಳು.

‘ಅವರಿಗಿ ದವಾಖಾನಿಗಿ ಹೋಗಂತ ಹೇಳಿದ್ರಿ,’ ಎಂದಳು. ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.