ಕೆಳಗಿನ ತೋಟದ ಎಲೆ

ಆ ಓಟವನ್ನು ನಾನು ಗೆಲ್ಲಲಿಲ್ಲ. ಹನ್ನೊಂದು ವರ್ಷದಿಂದ ಗೆದ್ದವನು ಎಂದು ಹೇಳಿಸಿಕೊಂಡು ತಿರುಗುತ್ತಿದ್ದೇನೆ — ಗೆದ್ದವನು ನಾನಲ್ಲ, ಭೋಜಣ್ಣ. ನಾನು ಅರ್ಧ ದಾರಿಯಲ್ಲೇ ಅಡ್ಡ ಹಾದು ಬಂದೆ. ಅವನ ತಾಯಿಯ ಕೈಯಿಂದ ಅವನ ಹೆಗಲಿಗೆ ಬೀಳಬೇಕಾಗಿದ್ದ ಬಿಳಿ ಶಾಲನ್ನು ನನ್ನ ಹೆಗಲಿಗೆ ಹಾಕಿಸಿಕೊಂಡೆ. ವಿಷಯ ಇಷ್ಟೇ. ಇಷ್ಟು ಬರೆದು ಪೆನ್ನು ಕೆಳಗಿಡಬಹುದಿತ್ತು. ಆದರೆ ಇಷ್ಟನ್ನೇ ಹೇಳಿದರೆ ಆ ಚಳಿಗಾಲಗಳ ಖುಷಿಗೂ ಮೋಸ ಮಾಡಿದಂತಾಗುತ್ತದೆ. ಅದನ್ನೂ ಹೇಳುತ್ತೇನೆ.

ನಾನು ಟೈಲರ್ ಮಾದೇವ. ಹುಟ್ಟಿದ್ದು ಗುಂಡ್ಲುಪೇಟೆ ಕಡೆ, ಮಿಷನ್ನು ತುಳಿದು ಹೊಟ್ಟೆ ಹೊರೆದದ್ದು ಊಟಿಯಲ್ಲಿ. ಭೋಜಣ್ಣ ನೀಲಗಿರಿಯ ಬಡಗರವನು. ಕೂನೂರಿನ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ಅವನ ಹಟ್ಟಿ. ಹಟ್ಟಿಯ ಕೆಳಗೆ ಇಳಿಜಾರಿನಲ್ಲಿ ಅವನ ಎರಡು ಎಕರೆ ಟೀ ತೋಟ. ನನಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ನಮ್ಮ ನಡುವೆ ಏಕವಚನದ ಸಲಿಗೆ. ಅವನದು ಬಡಗ ಮಾತು, ನನ್ನದು ನಮ್ಮೂರ ಕನ್ನಡ. ಇಷ್ಟು ವರ್ಷದ ಒಡನಾಟದಲ್ಲಿ ಎರಡೂ ಕಲಸಿಹೋಗಿವೆ, ಅವನ ಮಾತನ್ನು ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ.

ಒಂದು ದಿನ ಅವನು ನನ್ನ ಅಂಗಡಿಗೆ ಬಂದ, ಪ್ಯಾಂಟಿನ ಸೊಂಟ ಬಿಡಿಸಲು. ಅದೇ ಪ್ಯಾಂಟು, ಮೂರನೇ ಸಲ. "ಇನ್ನು ಬಿಡಿಸೋಕೆ ಒಳಗೆ ಬಟ್ಟೆ ಇಲ್ಲ ಭೋಜಣ್ಣ, ನಿನ್ನ ಹೊಟ್ಟೇನೇ ಮಡಿಚಿ ಹೊಲೀಬೇಕು" ಎಂದೆ. ಅವನು ನನ್ನ ಕೊರಳಿನ ಟೇಪನ್ನು ಕಿತ್ತುಕೊಂಡ.

"ನೀ ಒಮ್ಮೆ ಎದ್ದು ನಿಲ್ಲು."

ನಿಂತೆ. ಅಳೆದ. ನನ್ನ ಸೊಂಟ ಅವನದಕ್ಕಿಂತ ಒಂದು ಇಂಚು ಜಾಸ್ತಿ! ಕಾಗದ ಕೊಡಲು ಬಂದಿದ್ದ ಪೋಸ್ಟ್‌ಮ್ಯಾನ್ ಸೆಲ್ವಂ ಚೀಲವನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕ. ಆ ಭಾನುವಾರವೇ ನಾವು ಮೂವರೂ ಓಡಲು ಶುರು ಮಾಡಿದೆವು.

ಓಟ ಎನ್ನಲು ನಾಚಿಕೆಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ, ಎರಡೆರಡು ಸ್ವೆಟರ್, ಮಂಕಿ ಟೋಪಿ, ಮಕ್ಕಳ ಶಾಲೆಯ ಕ್ಯಾನ್ವಾಸ್ ಬೂಟಿನಂಥ ಬೂಟು. ಮೊದಲ ದಿನ ಎರಡು ತಿರುವು ದಾಟುವಷ್ಟರಲ್ಲಿ ಎದೆ ಸುಡತೊಡಗಿತು, ಮೂಗು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳಬೇಕಾಯಿತು. ನಾಯಿಗಳಿಗಂತೂ ಹಬ್ಬ. ಕ್ಯಾರೆಟ್ ತೊಳೆಯುವ ಹೆಂಗಸರು ಕೆಲಸ ನಿಲ್ಲಿಸಿ, "ಯಾರ ಮನೆಗೆ ಬೆಂಕಿ ಬಿತ್ತಣ್ಣಾ?" ಎಂದು ಕೂಗಿದರು. ಒಂದು ವಾರ ಮಂಡಿನೋವು, ಇನ್ನೊಂದು ವಾರ ಕೆಮ್ಮು. ಮೂರನೆಯ ವಾರ ತಿರುವಿನಲ್ಲಿ ಒಂದು ಕಾಟಿ ನಿಂತಿತ್ತು — ಕಾಡೆಮ್ಮೆ, ಲಾರಿಯಷ್ಟು ಅಗಲ. ನಾವು ಮೂವರೂ ಹಿಂದಿರುಗಿ ಓಡಿದ ಆ ವೇಗವನ್ನು ಮತ್ತೆಂದೂ ಮುಟ್ಟಲಿಲ್ಲ. "ಪ್ರತಿ ಭಾನುವಾರ ಅದನ್ನೇ ಕರೆಸೋಣ" ಎಂದ ಸೆಲ್ವಂ, ಉಸಿರು ಬಂದ ಮೇಲೆ.

ಆದರೆ ಯಾವಾಗಲೋ ಒಂದು ದಿನ — ಎಷ್ಟನೆಯ ವಾರವೋ ನೆನಪಿಲ್ಲ — ಏರು ಹತ್ತಿದ ಮೇಲೂ ಕಾಲು ನಿಲ್ಲಲೇ ಇಲ್ಲ. ಬಿಸಿಲು ಆಗತಾನೆ ಗುಡ್ಡದ ತಲೆಗೆ ಬಿದ್ದಿತ್ತು. ಮೂರೂ ಜನರ ಬಾಯಿಂದ ಹೊಗೆ. ಬೂಟಿನ ಸದ್ದು ಮಾತ್ರ. ಅಯ್ಯೋ, ಎಂಥ ಸಂತೋಷ ಅದು! ನಲವತ್ತೆರಡು ವರ್ಷ ಕೂತೇ ಬದುಕಿದ್ದ ನನಗೆ ನನ್ನ ಮೈ ನನ್ನದೇ ಎಂದು ಅವತ್ತು ಗೊತ್ತಾಯಿತು. ಅಂಗಡಿಗೆ ಬಂದು ಇಡೀ ದಿನ ಹಾಡು ಗುನುಗುತ್ತಾ ಹೊಲಿದೆ. ಒಬ್ಬರ ಅಂಗಿಗೆ ತೋಳನ್ನೇ ತಿರುಗುಮುರುಗಾಗಿ ಕೂರಿಸಿಬಿಟ್ಟೆ.

ಹಟ್ಟಿಯ ಓಟದ ಸುದ್ದಿ ಹೇಳಿದ್ದು ಭೋಜಣ್ಣನೇ. ನಲವತ್ತು ದಾಟಿದವರಿಗೆ ಮಾತ್ರ, ವರ್ಷಕ್ಕೊಮ್ಮೆ, ಜನವರಿಯ ಒಂದು ಬೆಳಗ್ಗೆ. ಅದನ್ನು ಶುರು ಮಾಡಿದವಳು ಅವನ ತಾಯಿ. ಹಟ್ಟಿಯವರೆಲ್ಲ ಅವಳನ್ನು ಹೆತ್ತೆ ಎನ್ನುತ್ತಿದ್ದರು, ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ಎಂಬತ್ತರ ಆಸುಪಾಸು, ಎರಡೂ ಕಣ್ಣಿಗೆ ಪೊರೆ. ಗಂಡಸರು ಮಧ್ಯಾಹ್ನದವರೆಗೆ ಬಿಸಿಲು ಕಾಯುತ್ತಾ ಕೂರುವುದನ್ನು ನೋಡಿ ರೇಗಿ, "ಓಡಿ ಬಂದವನಿಗೆ ಶಾಲು ಹೊದಿಸುವೆ, ಕೂತವನಿಗೆ ಕಾಫಿಯೂ ಇಲ್ಲ" ಎಂದಳಂತೆ. ಹಾಗೆ ಶುರುವಾದದ್ದು.

ನಿಯಮವೂ ಅವಳದೇ. ಹಟ್ಟಿಯಿಂದ ಗಾಡಿ ರಸ್ತೆ ಹಿಡಿದು ಹಳ್ಳದ ಪಕ್ಕದ ಕೆಳಗಿನ ತೋಟಕ್ಕೆ ಇಳಿಯಬೇಕು. ಅಲ್ಲಿ ಒಂದು ಟೀ ಕುಡಿ ಚಿವುಟಬೇಕು, ಎರಡೆಲೆ, ಒಂದು ಮೊಗ್ಗು. ಅದನ್ನು ಮುಷ್ಟಿಯಲ್ಲಿ ಹಿಡಿದು ಆ ಬದಿಯ ಕಾಲುದಾರಿಯಲ್ಲಿ ಹತ್ತಿ ಬಂದು ಅವಳ ಅಂಗೈಗೆ ಇಡಬೇಕು. ಮೊದಲು ಇಟ್ಟವನಿಗೆ ಶಾಲು. "ನೀವು ಓಡುವುದ ನಾ ಕಾಣೆ, ಎಲೆಯ ಬಲ್ಲೆ" ಎನ್ನುತ್ತಿದ್ದಳು. ಅರವತ್ತು ವರ್ಷ ಎಲೆ ಕಿತ್ತ ಕೈ. ನಾನು ಅದನ್ನು ಮುದುಕಿಯ ಜಂಭ ಎಂದುಕೊಂಡಿದ್ದೆ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೇ ಟೆರಿಕಾಟೋ ಉಣ್ಣೆಯೋ ಹೇಳುವ ನಾನು, ಹಾಗೆ ಎಣಿಸಬಾರದಿತ್ತು.

ಭೋಜಣ್ಣ ಎಷ್ಟೋ ವರ್ಷದಿಂದ ಓಡಿ ಓಡಿ ಸೋತಿದ್ದ. "ಈ ಸಲವೂ ಊರವರ ಮಗನಿಗೇ ಹೊದಿಸುವೆನಾ?" ಎಂದು ಹೆತ್ತೆ ಎಲ್ಲರೆದುರು ಅವನನ್ನು ಕೆಣಕುವಳು, ಎಲ್ಲರೂ ನಗುವರು, ಅವನೂ ನಗುವನು. ಆದರೆ ನನ್ನ ಜೊತೆ ಓಡಲು ಶುರು ಮಾಡಿದ ಮೇಲೆ ಬೀಡಿ ಬಿಟ್ಟ. ಹೊಟ್ಟೆ ಕರಗಿತು; ಬಿಡಿಸಿದ ಪ್ಯಾಂಟಿನ ಸೊಂಟವನ್ನು ನಾನೇ ಮತ್ತೆ ಹಿಡಿದು ಹೊಲಿದು ಕೊಟ್ಟೆ. ಒಂದು ಭಾನುವಾರ ಏರಿನಲ್ಲಿ ಏದುಸಿರು ಬಿಡುತ್ತಾ ಹೇಳಿದ:

"ಸಾಯುವುದರೊಳಗೆ ಒಂದೇ ಸಲ ಅವ್ವೆ ಕೈಲಿ ಹೊದಿಸಿಕೋಬೇಕು, ಮಾದೇವ."

"ಯಾರು ಸಾಯೋದ್ರೊಳಗೆ?"

"ಯಾರಾದರೂ" ಎಂದು ನಕ್ಕ.

ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿದ್ದೇ ಮಾಡಿದೆ.

ಆ ಜನವರಿಯ ಬೆಳಗ್ಗೆ ಏಳು ಗಂಟೆಗೆ ಒಂಬತ್ತು ಜನ ನಿಂತೆವು. ಹಿಂದಿನ ವರ್ಷ ನಾನು ಕೊನೆಯವನಾಗಿ ಬಂದಿದ್ದೆ, ಹಟ್ಟಿಯ ಹೆಂಗಸರು ನನ್ನನ್ನು "ಟೈಲರಿಗೆ ದಾರಿ ತಪ್ಪಿತೋ, ದಾರ ಕಡಿಯಿತೋ" ಎಂದು ರೇಗಿಸಿದ್ದರು. ಅದು ಒಳಗೆಲ್ಲೋ ಚುಚ್ಚುತ್ತಿತ್ತು. ಹೊರಟೆವು. ಇಳಿಜಾರಿನಲ್ಲಿ ಭೋಜಣ್ಣ ಎಲ್ಲರಿಗಿಂತ ಮುಂದೆ, ನಾನು ಎರಡನೆಯವನು — ನಾನು, ಎರಡನೆಯವನು! — ಸೆಲ್ವಂ ಹಿಂದಿನ ತಿರುವಿನಾಚೆ "ಪೋ ಪೋ" ಎಂದು ತನ್ನ ಕಾಲಿಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಳ್ಳದ ಮೇಲೆ ಮಂಜು ಮಲಗಿತ್ತು. ಭೋಜಣ್ಣನ ಕೆಂಪು ಟೋಪಿ ಅದರೊಳಗೆ ಇಳಿದು ಕಾಣದಾಯಿತು.

ಆಗ ಪಕ್ಕೆ ಹಿಡಿದುಕೊಂಡಿತು. ನಿಂತೆ. ಎಡಗಡೆ ಟೀ ಗಿಡಗಳ ನಡುವೆ ಎಲೆ ಕೀಳುವವರು ಓಡಾಡುವ ಸಣ್ಣ ದಾರಿ, ಅದರ ತುದಿಯಲ್ಲಿ ಮೇಲೆ ಹತ್ತುವ ಕಾಲುದಾರಿ. ಹಿಂದೆ ಯಾರೂ ಕಾಣುತ್ತಿಲ್ಲ, ಮುಂದೆಯೂ ಇಲ್ಲ. ಕಾಲು ತಾನಾಗಿ ಆ ಕಡೆ ತಿರುಗಿತು ಎಂದು ಬರೆಯಲು ಹೊರಟಿದ್ದೆ — ಹೊಡೆದುಹಾಕಿದೆ. ಕಾಲು ತಾನಾಗಿ ತಿರುಗುವುದಿಲ್ಲ. ನಾನು ಆಚೀಚೆ ನೋಡಿಯೇ ತಿರುಗಿಸಿದೆ. ಹೋಗುತ್ತಾ ಕೈಗೆ ಸಿಕ್ಕ ಗಿಡದಿಂದ ಒಂದು ಕುಡಿ ಚಿವುಟಿದೆ. ಎರಡೆಲೆ, ಒಂದು ಮೊಗ್ಗು. ಇಲ್ಲಿಯದಾದರೇನು, ಅಲ್ಲಿಯದಾದರೇನು, ಟೀ ಎಲೆ ಟೀ ಎಲೆಯೇ ಎಂದುಕೊಂಡೆ. ಬಯಲುಸೀಮೆಯವನ ಬುದ್ಧಿ.

ಮೇಲೆ ಬಂದಾಗ ಡಬ್ಬ ಬಡಿದರು, ಸಿಳ್ಳೆ ಹಾಕಿದರು. "ಟೈಲರು! ಟೈಲರು!" ನಿಜ ಹೇಳಲೇಬೇಕು: ಆ ಗಳಿಗೆ ನನಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು, ಬೇಕಾದಷ್ಟು ಖುಷಿಯಾಯಿತು. ಹೆತ್ತೆಯ ಮುಂದೆ ಮಂಡಿಯೂರಿ ಅವಳ ಅಂಗೈಗೆ ಕುಡಿಯನ್ನಿಟ್ಟೆ. ಅವಳು ಬೆರಳುಗಳ ನಡುವೆ ಅದನ್ನು ಒಮ್ಮೆ ಹೊರಳಿಸಿದಳು. ನಿಲ್ಲಿಸಿದಳು. ಪೊರೆ ಬಂದ ಕಣ್ಣನ್ನು ನನ್ನ ಮುಖದ ಕಡೆ ಎತ್ತಿದಳು. ಆಮೇಲೆ ಆ ಕುಡಿಯನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯತೊಡಗಿದಳು. ಬಾಗಿ, ಶಾಲು ಹೊದಿಸುತ್ತಾ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು:

"ಇದು ಬಿಸಿಲ ಕಂಡ ಎಲೆ, ಮಗ."

ನನಗೆ ಅರ್ಥವಾಗಲಿಲ್ಲ. ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಹರಸುವ ಹಾಗೆಯೇ, "ಒಂದು ಸಾವಿರ ಆಗಲಿ" ಎಂದು ಹರಸಿದಳು.

ಅಷ್ಟರಲ್ಲಿ ಭೋಜಣ್ಣ ಬಂದ. ನನ್ನ ಹೆಗಲ ಮೇಲಿನ ಶಾಲು ನೋಡಿ ಬಾಯಿ ತೆರೆದು ನಿಂತ. "ನೀ ಎಲ್ಲಿ ನನ್ನ ದಾಟಿದೆ?"

"ಮಂಜಲ್ಲಿ" ಎಂದೆ.

"ಅಯ್ಯಯ್ಯೋ, ನಾ ಕಾಣಲೇ ಇಲ್ಲವೇ!" ಎಂದು ನನ್ನನ್ನು ಶಾಲಿನ ಸಮೇತ ಬಾಚಿ ತಬ್ಬಿಕೊಂಡ. ಅನುಮಾನ ಅನ್ನುವುದು ಆ ಮನುಷ್ಯನ ಮೈಯಲ್ಲೇ ಇಲ್ಲ. ಆಮೇಲೆ ತಾಯಿಯ ಎದುರು ಮಂಡಿಯೂರಿ ಮುಷ್ಟಿ ಬಿಚ್ಚಿದ — ನಾನು ನೋಡಿದೆ. ಅವನ ಕುಡಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ, ಮೆತ್ತಗೆ ಅಂಗೈಗೆ ಅಂಟಿಕೊಂಡಿತ್ತು. ಹಿಂದೆ ಬಂದ ಸೆಲ್ವಂನದೂ ಹಾಗೇ. ಎಲ್ಲರದೂ ಹಾಗೇ.

ರಾತ್ರಿ ಹಿಮ ಬಿದ್ದಿತ್ತು, ಇಬ್ಬನಿಯೇ ಹೆಪ್ಪುಗಟ್ಟುವ ಹಿಮ. ಆ ಚಳಿಗಾಲದ ಮೊದಲ ದೊಡ್ಡ ಹಿಮ. ಅದು ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ತಣ್ಣನೆಯ ಗಾಳಿ ಹರಿದು ಹೋಗಿ ಹಳ್ಳದ ತಗ್ಗಿನಲ್ಲಿ ಕೂರುತ್ತದೆ. ಕೆಳಗಿನ ತೋಟದ ಎಲೆಯೆಲ್ಲ ಉಪ್ಪು ಸುರಿದಂತೆ ಬೆಳ್ಳಗಾಗಿ ಸೆಟೆದಿತ್ತಂತೆ. ಮುಷ್ಟಿಯ ಬಿಸಿಗೆ ಕರಗಿದ್ದೇ ಸತ್ತುಹೋಯಿತು. ನನ್ನ ಎಲೆ ಮಾತ್ರ ಗರಿಗರಿಯಾಗಿ, ಹಸಿರಾಗಿ, ಬದುಕಿಕೊಂಡಿತ್ತು. ಹಟ್ಟಿಯ ಮಗುವಿಗೂ ಗೊತ್ತಿರುವ ಸಂಗತಿ. ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು ಆ ಮುದುಕಿ ನನ್ನ ಮೋಸವನ್ನು ಅಗಿದು ನುಂಗಿದಳು. ಹೊಟ್ಟೆಯ ಮಗನಿಗೆ ಹೊದಿಸಬೇಕಾದದ್ದನ್ನು ಪರವೂರಿನ ಟೈಲರಿಗೆ ಹೊದಿಸಿ, ಅವನ ಮಾನ ಉಳಿಸಿದಳು. ಹೇಗೆ ಮಾಡಿದಳೋ — ಇವತ್ತಿಗೂ ನನಗೆ —

ಅವತ್ತು ತುಪ್ಪದಿಟ್ಟು ಕರಿದಿದ್ದರು, ಅವರ ಹಬ್ಬದ ಸಿಹಿ. ತಿಂದೆ, ಎರಡನೆಯದನ್ನೂ ತಿಂದೆ. ಹೊರಡುವಾಗ ಹೆತ್ತೆ ನನ್ನ ಕೈ ಹಿಡಿದುಕೊಂಡಳು.

"ಮುಂದಿನ ವರ್ಷ ಕೆಳಗಿನ ಎಲೆ ತಾ, ಮಗ."

"ತರ್ತೀನಿ ಹೆತ್ತೆ" ಎಂದೆ.

ಮುಂದಿನ ಚಳಿಗಾಲಕ್ಕೆ ಅವಳಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ಹೋದಳು. ಶಾಲು ಹೊದಿಸುವ ಕೈ ಇಲ್ಲದೆ ಆ ಓಟವೂ ನಿಂತಿತು. ಭೋಜಣ್ಣನಿಗೆ ಅವ್ವೆ ಶಾಲು ಹೊದಿಸಲೇ ಇಲ್ಲ, ಒಂದೇ ಒಂದು ಸಲವೂ. ದುಃಖದ ಆ ದಿನಗಳಲ್ಲಿ ಅವನೇ ನನಗೆ ಸಮಾಧಾನ ಹೇಳಿದ: "ನನಗೆ ಹೊದಿಸದಿದ್ದರೆ ಹೋಗಲಿ ಬಿಡು, ನಿನಗೆ ಹೊದಿಸಿದಳಲ್ಲ. ನೀನೂ ಅವಳ ಮಗನೇ." ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಬಿಡಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ, ಅಷ್ಟೇ.

ನಮ್ಮ ಭಾನುವಾರಗಳು ಮಾತ್ರ ನಿಲ್ಲಲಿಲ್ಲ. ಸೆಲ್ವಂಗೆ ವರ್ಗವಾಯಿತು, ನಾವಿಬ್ಬರೂ ಇನ್ನೂ ಓಡುತ್ತೇವೆ, ನಾಯಿಗಳ ಮೊಮ್ಮಕ್ಕಳು ಅಟ್ಟಿಸಿಕೊಂಡು ಬರುತ್ತವೆ. ನನ್ನ ಸೊಂಟ ಈಗ ಅವನಿಗಿಂತ ಅರ್ಧ ಇಂಚು ಕಡಿಮೆ, ಟೇಪಿನ ಸಾಕ್ಷಿ ಇದೆ. ಪ್ರತಿ ಚಳಿಗಾಲ ಮೊದಲ ಭಾನುವಾರ ಎದೆ ಸುಡುತ್ತದೆ, ನಾಲ್ಕನೆಯ ಭಾನುವಾರ ಹಾಡು ಬರುತ್ತದೆ. ಇಷ್ಟೆಲ್ಲ ಸುಖವನ್ನು ನನಗೆ ಕೊಟ್ಟವನ ಪಕ್ಕದಲ್ಲೇ, ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಹನ್ನೊಂದು ವರ್ಷ ಸುಮ್ಮನಿದ್ದೇನೆ. ಶಾಲು ಟ್ರಂಕಿನಲ್ಲಿದೆ, ನುಸಿಗುಳಿಗೆಯ ವಾಸನೆಯಲ್ಲಿ. "ಗೆದ್ದ ಶಾಲನ್ನ ಯಾರಾದ್ರೂ ಹೊದ್ಕೊಳ್ದೆ ಇಡ್ತಾರಾ?" ಎಂದು ನನ್ನ ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ. ಪ್ರತಿ ವರ್ಷ ಅವಳ ಮೇಲೆ ರೇಗುತ್ತೇನೆ.

ಕಳೆದ ಭಾನುವಾರ ಭೋಜಣ್ಣ ಬೂಟಿನ ಲೇಸು ಕಟ್ಟುತ್ತಾ ತಲೆಯೆತ್ತದೆ ಕೇಳಿದ: "ಆ ಶಾಲು ಇದೆಯಾ ಮಾದೇವ? ಒಮ್ಮೆ ತಾ. ಅವ್ವೆ ಕೈ ಮುಟ್ಟಿದ್ದು... ಸುಮ್ಮನೆ ನೋಡಿ ಕೊಡುವೆ."

ನೋಡಿ ಕೊಡುತ್ತಾನಂತೆ!

ಅವತ್ತಿನಿಂದ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಾ ಇನ್ನೊಂದು ಹೇಡಿತನ ಕಣ್ಣಿಗೆ ಬಿತ್ತು. ಭೋಜಣ್ಣ ಓದಿದ್ದು ತಮಿಳು. ಕನ್ನಡ ಅಕ್ಷರ ಅವನಿಗೆ ಬಾರದು. ಅವನು ಓದಲಾಗದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಹಗುರಾಗಲು ಹೊರಟಿದ್ದೇನೆ — ಇದೂ ಅಡ್ಡದಾರಿಯೇ. ಆದ್ದರಿಂದ ಇದನ್ನು ನಾನೇ ಅವನಿಗೆ ಓದಬೇಕು, ಗಟ್ಟಿಯಾಗಿ, ಅವನ ಮುಖ ನೋಡುತ್ತಾ.

ನಾಳೆ ಭಾನುವಾರ. ಎರಡು ದಿನದಿಂದ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗಿದೆ. ಮೊದಲ ಬಸ್ಸಿಗೆ ಹೋಗಿ, ಅವನನ್ನು ಎಬ್ಬಿಸದೆ, ಗಾಡಿ ರಸ್ತೆ ಹಿಡಿದು ಹಳ್ಳದವರೆಗೂ ಇಳಿಯುತ್ತೇನೆ. ಪಕ್ಕೆ ಹಿಡಿದರೆ ಹಿಡಿಯಲಿ. ಸೆಟೆದ ಕುಡಿಯೊಂದನ್ನು ಚಿವುಟಿ, ಮುಷ್ಟಿಯಲ್ಲಿ ಹಿಡಿದು, ಆ ಬದಿಯ ಕಾಲುದಾರಿಯಲ್ಲಿ ಹತ್ತುತ್ತೇನೆ. ಶಾಲನ್ನು ಅವನಿಗೆ ಹೊದಿಸಲು ನಾನು ಯಾರು? ಮಡಿಕೆ ಬಿಚ್ಚದೆ ಕೈಗೆ ಕೊಡುತ್ತೇನೆ. ಅವನು ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ನಕ್ಕುಬಿಟ್ಟರೆ — ಅವನು ನಗುವವನೇ — ಅದನ್ನೂ ನಿಂತು ತಡೆದುಕೊಳ್ಳುತ್ತೇನೆ.

ಹನ್ನೊಂದು ವರ್ಷ ತಡವಾಗಿ, ಎಲ್ಲರಿಗಿಂತ ಕೊನೆಯವನಾಗಿ ಬರುತ್ತಿದ್ದೇನೆ, ಹೆತ್ತೆ. ಕೆಳಗಿನ ಎಲೆ ತರುತ್ತಿದ್ದೇನೆ.