ಡ್ರೈವಿಂಗ್ ಮೇಷ್ಟ್ರ ಲಿನಕ್ಸ್ ಪಾಠ

ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರಿಗೆ ಕೊನೆಗೊಂದು ದಿನ ಮೊಣಕಾಲೇ ಕೈಕೊಟ್ಟಿತು. ಕಲಿಸುವವರ ಕಾಲ ಬುಡದಲ್ಲೂ ಇರುವ ಇನ್ನೊಂದು ಬ್ರೇಕನ್ನು ದಿನಕ್ಕೆ ನೂರು ಸಲ ತುಳಿದರೆ ಇನ್ನೇನಾದೀತು? ಡಾಕ್ಟರು ಕಾರಿನ ಸಹವಾಸ ಬಿಡಿ ಎಂದುಬಿಟ್ಟರು.

ಹೆಂಡತಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. "ನಮ್ಮ ಸರ್ವರ್‌ಗಳೆಲ್ಲ, ಅದೇ ಆ ದೊಡ್ಡ ಕಂಪ್ಯೂಟರ್‌ಗಳು, ಲಿನಕ್ಸ್ ಅನ್ನೋ ತಂತ್ರಾಂಶದಲ್ಲೇ ಓಡೋದು, ನೋಡ್ಕೊಳ್ಳೋಕೆ ಜನ ಸಿಗಲ್ಲ. ನಾಲ್ಕು ತಿಂಗಳ ಕೋರ್ಸಿದೆ, ಸೇರ್ಕೊಳ್ಳಿ. ಕೂತು ಮಾಡೋ ಕೆಲಸ" ಎಂದರು.

"ಕೂತ್ಕೊಳ್ಳೋದ್ರಲ್ಲಿ ನನಗೆ ಒಳ್ಳೆ ಅನುಭವ ಇದೆ" ಎಂದು ಮೇಷ್ಟ್ರು ಸೇರಿಕೊಂಡರು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಾಸು. ಹನ್ನೆರಡು ಕಂಪ್ಯೂಟರು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಪಾಠ ಹೇಳುವ ಹುಡುಗನ ತಲೆ ಚುರುಕು, ಬೆರಳು ಇನ್ನೂ ಚುರುಕು. ಯಾರಾದರೂ ತಡವರಿಸಿದರೆ ಸಾಕು, ಕೀಬೋರ್ಡ್ ಎಳೆದುಕೊಂಡು ಪಟಪಟನೆ ಒತ್ತಿ, "ಇಷ್ಟೇ" ಎನ್ನುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು.

"ಏನು ಕಲಿತ್ರಿ?" ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು, "ತಲೆ ಆಡಿಸೋದು" ಎಂದರು.

ಮೂರನೆಯ ವಾರ ಅವರು ಏನನ್ನೋ ಅಳಿಸಲು ಹೋಗಿ ತಮ್ಮ ಅಭ್ಯಾಸದ ಫೈಲುಗಳನ್ನೆಲ್ಲ ಅಳಿಸಿ ಕೂತರು. ಹುಡುಗ ಓಡಿಬಂದು ಕೈಚಾಚಿದ. ಮೇಷ್ಟ್ರು ಕೀಬೋರ್ಡನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಬಾಯಲ್ಲಿ ಹೇಳಿ ಸರ್, ನಾನೇ ಮಾಡ್ತೀನಿ."

"ಹಂಗಾದ್ರೆ ಒಂದು ಗಂಟೆ ಬೇಕು."

"ಬೇಕಾದ್ರೆ ಬೇಕು. ಕಲಿಯೋರ ಸ್ಟಿಯರಿಂಗ್ ನಾನು ಕಿತ್ಕೊಂಡಿದ್ರೆ ಈ ಊರಲ್ಲಿ ಒಬ್ರೂ ಗಾಡಿ ಓಡಿಸ್ತಿರಲಿಲ್ಲ."

ಕ್ಲಾಸು ಗೊಳ್ಳೆಂದಿತು. ಹುಡುಗನ ಕಿವಿ ಕೆಂಪಾಯಿತು. ಆದರೂ ಕೈಗಳನ್ನು ಜೇಬಿಗೆ ತುರುಕಿ ಒಂದೊಂದೇ ಹೆಜ್ಜೆ ಹೇಳಿದ. ಮೇಷ್ಟ್ರು ಮೂರು ಕಡೆ ಎಡವಿದರು, ಹುಡುಗ ತುಟಿ ಕಚ್ಚಿಕೊಂಡು ನಿಂತ. ನಲವತ್ತು ನಿಮಿಷದ ಮೇಲೆ, ಹಿಂದಿನ ದಿನ ತೆಗೆದಿಟ್ಟಿದ್ದ ನಕಲಿನಿಂದ ಎಲ್ಲವೂ ವಾಪಸ್ಸು ಬಂತು.

ಅಲ್ಲಿಂದಾಚೆಗೆ ಸಿಕ್ಕಿಹಾಕಿಕೊಂಡವರೆಲ್ಲ ಮೇಷ್ಟ್ರನ್ನೇ ಕರೆಯತೊಡಗಿದರು. ಅವರಿಗೆ ಗೊತ್ತಿದ್ದುದು ಅರ್ಧಂಬರ್ಧ. ಆದರೆ ಪಕ್ಕದಲ್ಲಿ ಕೂತು, ಕೈಕಟ್ಟಿಕೊಂಡು, "ಪರದೆ ಏನು ಹೇಳ್ತಿದೆ, ಓದಿ" ಎನ್ನುವುದು ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಯಲ್ಲಿ ನೆಟ್‌ವರ್ಕ್ ಭಾಗ ಅವರನ್ನು ಕೆಡವಿತು. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮತ್ತೆ ಬರೆದು ಪಾಸಾದರು. ಆಸ್ಪತ್ರೆಗೆ ಅರ್ಜಿ ಹಾಕುವ ಮೊದಲೇ ಹುಡುಗ ಮನೆಗೆ ಬಂದ. "ಬೆಳಗಿನ ಬ್ಯಾಚಿಗೆ ನೀವು ಬನ್ನಿ ಮೇಷ್ಟ್ರೇ. ಪಾಠ ನಾನು ಹೇಳ್ತೀನಿ, ಕಲಿಯೋರ ಪಕ್ಕದಲ್ಲಿ ನೀವು ಕೂತ್ಕೊಳ್ಳಿ."

"ನಾನು ಕಳಿಸಿದ್ದೇನಕ್ಕೆ, ಆಗಿದ್ದೇನು" ಎಂದು ಹೆಂಡತಿ ನಕ್ಕರು.

ಹೊಸ ಬ್ಯಾಚಿನ ಮೊದಲ ದಿನ ಹೆಂಗಸೊಬ್ಬರು ಎಂಟರ್ ಒತ್ತಲು ಹೆದರಿ ಬೆರಳು ಎತ್ತಿಕೊಂಡೇ ಕೂತಿದ್ದರು.

"ಏನಾದ್ರೂ ಆಗ್ಬಿಟ್ರೆ?"

"ಆದ್ರೆ ಸರಿ ಮಾಡೋಣ. ಒತ್ತಿ ತಾಯಿ."

ಅವರು ಒತ್ತಿದರು. ಪರದೆ ತುಂಬ ತಪ್ಪಿನ ಸಾಲುಗಳು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು.