ಹೆಸರು ಹಿಡಿದು ಕರೆಯಲಿಲ್ಲ

ಮೈಸೂರಿನ ವ್ಯಾಸರಾಜರು ಹೊರದೇಶದ ಊರಾದ ಕ್ಯಾಂಪ್‌ಬೆಲ್‌ನ ನಮ್ಮ ಆಫೀಸಿನಲ್ಲಿ ಹನ್ನೊಂದು ವರ್ಷ ಯಂತ್ರಗಳ ನಕ್ಷೆ ಬರೆದರು. ಅವರ ಗೆರೆಯಲ್ಲಿ ತಪ್ಪು ಹುಡುಕಲು ಹೋಗಿ ಸೋತವರಲ್ಲಿ ನಾನೂ ಒಬ್ಬಳು. ಅವರದು ಅಳೆದು ತೂಗಿ ಆಡುವ ಮಾತು. ನನ್ನ ಬಾಯಿಗೆ ಬೀಗವೇ ಇಲ್ಲ.

ಎಂಬತ್ತೈದನೇ ಇಸವಿಯಲ್ಲಿ ನಕ್ಷೆಯ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ಹದಿನಾಲ್ಕು ಜನರಿಗೆ ಮೂರು ದಿನದ ತರಬೇತಿ. ಅವರಲ್ಲಿ ಒಂಬತ್ತು ಜನರನ್ನಷ್ಟೇ ಇಟ್ಟುಕೊಳ್ಳುತ್ತಾರೆ, ಉಳಿದವರು ಮನೆಗೆ. ಕೊನೆಗೊಂದು ಪರೀಕ್ಷೆ ಇದ್ದೇ ಇರುತ್ತದೆ, ವ್ಯಾಸರಾಜರೇ ಮೊದಲು ಬರುತ್ತಾರೆ ಎಂದುಕೊಂಡಿದ್ದೆ. ಅವರೂ ಹಾಗೆಯೇ ಎಣಿಸಿದ್ದರು.

ಆ ತರಬೇತಿಯ ಚೆಂದವನ್ನು ಏನು ಹೇಳಲಿ! ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಏನನ್ನೂ ಬರೆದುಕೊಳ್ಳುವಂತಿಲ್ಲ, ಯಾರು ಬೇಕಾದರೂ ನಡುವೆ ಮಾತಾಡಬಹುದು. ಅರ್ಧಂಬರ್ಧ ತಿಳಿದದ್ದನ್ನೇ ಬಡಬಡಿಸಿ ನಾನು ಶಹಬ್ಬಾಸ್‌ಗಿರಿ ಗಿಟ್ಟಿಸಿದೆ. ತಿಳಿಯದ್ದನ್ನು ಊಟದ ಹೊತ್ತಿನಲ್ಲಿ ವ್ಯಾಸರಾಜರೇ ಬಿಡಿಸಿ ಹೇಳಿಕೊಡುತ್ತಿದ್ದರು. ಒಳಗೆ ಮಾತ್ರ ಅವರು ತುಟಿ ಬಿಚ್ಚಲಿಲ್ಲ.

ಮೊದಲ ದಿನ ಮಧ್ಯಾಹ್ನ, ಕಲಿಸುತ್ತಿದ್ದ ಕ್ಯಾರಲ್ ಸುಮ್ಮನಿದ್ದವರನ್ನು ಹೆಸರು ಹಿಡಿದು ಕರೆಯತೊಡಗಿದಳು. ವ್ಯಾಸರಾಜರು ತಲೆ ತಗ್ಗಿಸಿ ಮೊಣಕಾಲ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಹೆದರಿದ್ದಾರೆ ಎಂದುಕೊಂಡೆ. ಕಾಫಿಯ ವೇಳೆ ಕ್ಯಾರಲ್‌ಗೆ, ಅವರಿಗೆ ಸಂಕೋಚ ಜಾಸ್ತಿ, ದಯವಿಟ್ಟು ಕರೆಯಬೇಡ ಎಂದೆ. ಅವಳು ಒಪ್ಪಿದಳು. ಮುಂದಿನ ಎರಡು ದಿನ ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಕರೆದಳು.

ಪರೀಕ್ಷೆ ನಡೆಯಲೇ ಇಲ್ಲ. ಯಾರು ಎಷ್ಟು ಮಾತಾಡಿದರೆಂದು ಕ್ಯಾರಲ್ ಬರೆದುಕೊಂಡದ್ದೇ ಫಲಿತಾಂಶ. ಶುಕ್ರವಾರ ಉಳಿಸಿಕೊಂಡವರ ಪಟ್ಟಿಯಲ್ಲಿ ನಾನಿದ್ದೆ, ಅವರಿರಲಿಲ್ಲ.

ದಿನವೂ ಹೋಗಿ ಬರುವಂತೆ ವ್ಯಾಸರಾಜರು ನನ್ನ ಕಾರಿನಲ್ಲೇ ಮನೆಗೆ ಹೊರಟರು. ಫ್ರೀವೇ ಹೆದ್ದಾರಿ ದಾಟಿದೆವು. ಆಮೇಲೆ ಹೇಳಿದರು: "ನಮ್ಮ ಮೇಷ್ಟ್ರು ಕರೆದ್ರೇನೇ ನಾವು ಎದ್ದು ನಿಲ್ತಿದ್ದಿದ್ದು, ಪದ್ಮಜಾ ಅವ್ರೇ. ಕರೀದೆ ಬಾಯಿ ಹಾಕಿದ್ರೆ ಅಧಿಕಪ್ರಸಂಗಿ ಅಂತಿದ್ರು. ಆನ್ಸರ್ ಎಲ್ಲಾ ರೆಡಿ ಇತ್ತು. ಈಗ ಕರೀತಾಳೆ, ಈಗ ಕರೀತಾಳೆ ಅಂತ ಮೂರು ದಿನ ಕಾದೆ. ಎಲ್ಲರನ್ನೂ ಕರೆದ್ಳು. ನಾನೇನು ಮಾಡಿದ್ದೆ ಅವ್ಳಿಗೆ?"

ಮೂರು ದಿನ ನಿಲ್ಲದೆ ಬಡಬಡಿಸಿದ್ದ ನಾನು ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದೆ. ನಾನೇ ಬೇಡವೆಂದೆ ಎಂದು ಹೇಳಲೇಬೇಕಿತ್ತು. ಹೇಳಿ ಏನು ಮಾಡಲಿ?

ಅವರ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದೆ. ಇಳಿದು, "ನಿಮಗಾದ್ರೂ ಸಿಕ್ತಲ್ಲ, ಸಂತೋಷ ಕಣ್ರೀ," ಎಂದರು.

ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಹನ್ನೊಂದು ವರ್ಷ ಪ್ರತಿ ಶುಕ್ರವಾರ ಹೇಳಿದ ಅಭ್ಯಾಸ, "ಸೋಮವಾರ ಏಳೂವರೆಗೆ ಬರ್ತೀನಿ" ಎಂದುಬಿಟ್ಟೆ.